ಇಬ್ಬರಿಗಾಗುವಷ್ಟು ಆಳ

ಎತ್ತಿದ ಪೆಟ್ಟಿಗೆಯನ್ನು ಆರು ಜನ ಗಂಡಸರು ಮತ್ತೆ ಕೆಳಗಿಳಿಸಿದರು. ಶವದ ಕಾರಿನ ಹಿಂಬಾಗಿಲು ತೆರೆದೇ ಇತ್ತು. ಆದರೆ ಅದು ಉದ್ದನೆಯ, ತಗ್ಗಾದ ಪೆಟ್ಟಿಗೆಗಳಿಗೆಂದು ಮಾಡಿದ ಬಾಗಿಲು. ಸಂಗಮೇಶನ ಪೆಟ್ಟಿಗೆ ಹಾಗಿರಲಿಲ್ಲ. ಚಕ್ಕಳಮಕ್ಕಳ ಹಾಕಿ ಕೂತವನ ನೆತ್ತಿ ತಾಗದಷ್ಟು ಎತ್ತರ, ಮೊಣಕಾಲು ಒತ್ತದಷ್ಟು ಅಗಲ. ಅದರ ಮೇಲೆ ಸಂಗಮೇಶನೇನು ಸಣ್ಣ ಆಳಲ್ಲ.

“ಸ್ವಲ್ಪ ಓರೆ ಮಾಡಿದ್ರೆ ಹೋಗುತ್ತೇನೋ,” ಎಂದರು ಡಾಕ್ಟರ್ ಆನಂದತೀರ್ಥ.

“ಓರೆಗೀರೆ ಏನೂ ಬ್ಯಾಡ್ರಿ ಡಾಕ್ಟರ,” ಎಂದಳು ಗುರುದೇವಿ. “ಅಂವಾ ಕುಂತಾನ. ಕುಂತಾಂವನ್ನ ಯಾರರ ಉರುಳಸ್ತಾರೇನು?”

ಗುರುದೇವಿ ಸಂಗಮೇಶನ ತಾಯಿ. ಬಿಜಾಪುರದ ಕಡೆಯವಳು, ಹೌನ್ಸ್ಲೋಗೆ ಬಂದು ಕಾಲು ಶತಮಾನವಾದರೂ ಮಾತು ಮಾತ್ರ ಊರಿನದೇ. ಹಿಂದಿನ ವಾರ, ಮೈದಾನದ ಅಂಚಿನಲ್ಲಿ ನಿಂತು ಹುಡುಗರಿಗೆ ಆಟ ಹೇಳಿಕೊಡುತ್ತಿದ್ದಾಗಲೇ ಮೂವತ್ನಾಲ್ಕು ವರ್ಷದ ಮಗನ ಎದೆ ನಿಂತುಹೋಗಿತ್ತು. ಅಳುವಷ್ಟು ಅತ್ತಾದ ಮೇಲೆ ಅವಳಲ್ಲಿ ಉಳಿದದ್ದು ಒಂದೇ ಹಟ. ಮಗನನ್ನು ಕೂಡಿಸಿಯೇ ಮಣ್ಣು ಮಾಡಬೇಕು. ಲಿಂಗಾಯತರ ಮನೆಯಲ್ಲಿ ಸತ್ತವರನ್ನು ಸುಡುವುದಿಲ್ಲ, ಮಲಗಿಸುವುದೂ ಇಲ್ಲ. ಹಣೆಗೆ ವಿಭೂತಿ ಹಚ್ಚಿ, ಎಡಗೈಯಲ್ಲಿ ಲಿಂಗವಿಟ್ಟು, ಪೂಜೆಗೆ ಕೂತವರ ಹಾಗೆ ಕೂಡಿಸಿ ಹೂಳುತ್ತಾರೆ.

ಹೇಳುವುದಕ್ಕೆ ಸುಲಭ. ಲಂಡನ್ನಿನಲ್ಲಿ ಹಾಗೆ ಮಾಡಿಸುವುದಕ್ಕೆ ಮಗಳು ಭುವನೇಶ್ವರಿ ವಾರವಿಡೀ ಫೋನಿಗೆ ಅಂಟಿಕೊಂಡಿದ್ದಳು. ಶವಸಂಸ್ಕಾರದ ಕಚೇರಿಯವರು ಮೊದಲು ಹೌಹಾರಿ, ಆಮೇಲೆ ಒಪ್ಪಿದ್ದರು. ಪೆಟ್ಟಿಗೆಯನ್ನು ಸಂಗಮೇಶನ ಜೊತೆ ಆಡಿದ ಬಡಗಿಯೊಬ್ಬ ಮಾಡಿಕೊಟ್ಟಿದ್ದ. ಈ ಆರು ಜನವೂ ಕಾಲೇಜಿನಲ್ಲಿ ಅವನ ತಂಡದವರೇ. ಬೆಳಗ್ಗೆ ಅವನನ್ನು ಎತ್ತಿ ಕೂಡಿಸಿದವರೂ ಅವರೇ. ಕಾರಿನ ಬಾಗಿಲಿನ ಎತ್ತರ ಅಳೆಯಬೇಕೆಂದು ಮಾತ್ರ ಯಾರಿಗೂ ಹೊಳೆದಿರಲಿಲ್ಲ.

“ನನ್ನ ವ್ಯಾನ್ ಇದೆಯಲ್ಲ,” ಎಂದ ಡೆಸ್ಮಂಡ್. ಆರು ಜನರಲ್ಲಿ ದೊಡ್ಡ ಆಳು ಅವನು, ಜಮೈಕಾದಿಂದ ಬಂದವರ ಮಗ. ಜನರ ಮನೆ ಸಾಮಾನು ಸಾಗಿಸುವುದು ಅವನ ಕಸುಬು. ಮೂಲೆಯಲ್ಲಿ ನಿಲ್ಲಿಸಿದ್ದ ವ್ಯಾನನ್ನು ಹಿಮ್ಮುಖವಾಗಿ ತಂದು ನಿಲ್ಲಿಸಿದ. ಅದರ ಮೈಮೇಲೆ ದೊಡ್ಡ ಅಕ್ಷರಗಳಲ್ಲಿ ‘ಮನೆ ಬದಲಿಸುತ್ತಿದ್ದೀರಾ? ಚಿಂತೆ ನಮಗೆ ಬಿಡಿ’ ಎಂದು ಬರೆದಿತ್ತು.

ಆನಂದತೀರ್ಥರು ಅದನ್ನು ಓದಿ ಕಣ್ಣು ಮುಚ್ಚಿಕೊಂಡರು. “ಗುರುದೇವಮ್ಮ, ಇದ್ರಲ್ಲಾ?”

“ಯಾಕ, ಏನಾಗ್ಯದ ಇದಕ್ಕ? ನಾವು ಫ್ಲ್ಯಾಟ್ ಬಿಟ್ಟು ಮನಿಗೆ ಬಂದಾಗ ಸಾಮಾನೆಲ್ಲಾ ಇಂಥಾದ್ರಾಗ ತಂದಿದ್ವಿ. ಒಂದ ಕಪ್ಪೂ ಒಡದಿರಲಿಲ್ಲ.”

ಪೆಟ್ಟಿಗೆ ವ್ಯಾನಿನೊಳಗೆ ಸರಾಗವಾಗಿ ಹೋಗಿ ಕೂತಿತು. ಬೆಳಗಿನಿಂದ ಬಿಗಿಹಿಡಿದಿದ್ದ ಉಸಿರನ್ನು ಗುರುದೇವಿ ಆಗ ಬಿಟ್ಟಳು. ಜೊತೆಗೆ ಬಂದಿದ್ದ ಇನ್ನೊಂದು ಕಪ್ಪು ಕಾರಿನಲ್ಲಿ ಡಾಕ್ಟರು, ಭುವನೇಶ್ವರಿ ಮತ್ತು ಮಂತ್ರ ಹೇಳಲು ಬಂದಿದ್ದ ಶಿವಪ್ರಕಾಶ ಹತ್ತಿದರು. ಗುರುದೇವಿ ಹೋಗಿ ವ್ಯಾನಿನಲ್ಲಿ ಡೆಸ್ಮಂಡನ ಪಕ್ಕ ಕೂತಳು. ಮಗ ಬೆನ್ನ ಹಿಂದೆಯೇ ಇದ್ದ.

*

ಹುಟ್ಟುವಾಗಲೇ ದೊಡ್ಡ ಕೂಸು ಸಂಗಮೇಶ. ಹೌನ್ಸ್ಲೋದ ಶಾಲೆಯ ಆಟದ ಮಾಸ್ತರಿಗೆ ಈ ಹುಡುಗನನ್ನು ಎಲ್ಲಿ ನಿಲ್ಲಿಸುವುದೆಂದೇ ತಿಳಿಯುತ್ತಿರಲಿಲ್ಲ. ಕ್ರಿಕೆಟ್ಟಿಗೆ ಹಾಕಿದರೆ ಇವನು ಒಂದು ರನ್ನು ಮುಗಿಸುವುದರೊಳಗೆ ಜೊತೆಯವನು ಎರಡು ಮುಗಿಸಿ ಬಂದು ಔಟಾಗುತ್ತಿದ್ದ. ಫುಟ್‌ಬಾಲಿನಲ್ಲಿ ಗೋಲಿನ ಬಾಯಿಗೆ ನಿಲ್ಲಿಸಿದರು. ಬಾಯಿಯೇನೋ ತುಂಬಿತು, ಆದರೆ ಚೆಂಡು ಕಾಲಸಂದಿಯಲ್ಲಿ ನುಸುಳುತ್ತಿತ್ತು. ಪಾರ್ಕ್ ರಾಯಲ್‌ನ ಬ್ರೆಡ್ ಫ್ಯಾಕ್ಟರಿಯಿಂದ ದಣಿದು ಬರುತ್ತಿದ್ದ ತಂದೆ ಪರಪ್ಪ ಮಗನನ್ನು ನೋಡಿ, “ಊರಾಗಿದ್ದರ ಗರಡಿಮನ್ಯಾಗ ಕುಣೀತಿದ್ದ ಮಗಾ, ಇಲ್ಲಿ ಬಂದು ಸೋಫಾ ಮುರ್ಯಾಕತ್ತಾನ,” ಎಂದು ನಿಟ್ಟುಸಿರುಬಿಡುತ್ತಿದ್ದ.

ತೊಂಬತ್ತೊಂದರಲ್ಲಿ ಕಾಲೇಜಿಗೆ ಸೇರಿದ. ಮೊದಲ ವಾರ ಕಾಲೇಜಿನ ಬೇರೆ ಬೇರೆ ಸಂಘಗಳವರೆಲ್ಲ ಸಾಲಾಗಿ ಮೇಜು ಹಾಕಿಕೊಂಡು ಹೊಸಬರನ್ನು ಕರೆಯುತ್ತಿದ್ದರು. ಸಂಗಮೇಶ ಇಂಡಿಯನ್ ಸೊಸೈಟಿಯವರ ಪುಕ್ಕಟೆ ಸಮೋಸಾಕ್ಕೆ ಸರದಿಯಲ್ಲಿ ನಿಂತಿದ್ದ. ಪಕ್ಕದ ಮೇಜಿನವರು ಅಮೆರಿಕನ್ ಫುಟ್‌ಬಾಲಿನವರು. ಅವರಿಗೆ ಕಂಡದ್ದು ಅವನ ಬೆನ್ನು. ಹೆಸರು ಕೇಳುವ ಮೊದಲೇ ಭುಜದ ಅಳತೆ ತೆಗೆದುಕೊಂಡರು. ಸಮೋಸಾ ಸಿಗಲಿಲ್ಲ, ತಂಡ ಸಿಕ್ಕಿತು.

ಮನೆಯಲ್ಲಿ ಹೇಳಿರಲಿಲ್ಲ. ಭಾನುವಾರ ಪೂಜೆ ಮುಗಿಸಿ, ಲಿಂಗವನ್ನು ದೇವರ ಜಗಲಿಯ ಮೇಲಿಟ್ಟು, ಲೈಬ್ರರಿಗೆ ಹೋಗುತ್ತೇನೆಂದು ಹೋಗುತ್ತಿದ್ದ. ಲೈಬ್ರರಿಯಿಂದ ಬಂದವನಿಗೆ ಇಷ್ಟು ಹಸಿವೇಕೆಂದು ಗುರುದೇವಿಗೆ ಆಶ್ಚರ್ಯವಾಗುತ್ತಿತ್ತು. ಒಂದು ದಿನ ಸೌತ್‌ಹಾಲ್‌ನಿಂದ ತಂದ ಜೋಳದ ಹಿಟ್ಟಿನ ಡಬ್ಬಿ ಇಳಿಸಿಕೊಡು ಎಂದಳು. ಬನಿಯನ್ನಿನಲ್ಲಿದ್ದವನು ಕೈಯೆತ್ತಿದ. ಕಂಕುಳಿಂದ ಸೊಂಟದವರೆಗೆ ಮೈಯೆಲ್ಲ ಕರಿನೀಲಿ.

ಆಗಿನ ದಿನಗಳು ಹಾಗಿದ್ದವು. ಕಂದುಬಣ್ಣದ ಹುಡುಗ ಒಬ್ಬನೇ ಸಿಕ್ಕರೆ ಬಡಿಯುವ, ತಲೆ ಬೋಳಿಸಿಕೊಂಡ ಬಿಳಿ ಪುಂಡರ ಗುಂಪುಗಳ ಸುದ್ದಿ ಎಲ್ಲರ ಮನೆಯಲ್ಲೂ ಇತ್ತು. ಗುರುದೇವಿ ಒಲೆ ಆರಿಸಿ, ಸೀರೆಯ ಮೇಲೆ ಕೋಟು ಹಾಕಿಕೊಂಡಳು. ಅವಸರದಲ್ಲಿ ಗುಂಡಿ ಕಾಜಾಕ್ಕೆ ಸಿಗಲಿಲ್ಲ.

“ನಡಿ, ಪೊಲೀಸರ ಕಡೆ ಹೋಗೂಣು. ಯಾರು ಬಡದ್ರು ಹೇಳು.”

“ಯಾರೂ ಬಡದಿಲ್ಲವ್ವಾ.”

“ಮತ್ತ ಇದೇನು?”

“ನಾನ ಬಡದೀನಿ. ಬಡೀವಾಗ ಒಂದೀಟು ನನಗೂ ಬಿದ್ದಾವು.”

ಆಮೇಲೆ ಅಡುಗೆಕಟ್ಟೆಯ ಮೇಲೆಯೇ ಆಟ ವಿವರಿಸಿದ. ಈರುಳ್ಳಿಗಳನ್ನು ಎದುರುಬದುರು ಎರಡು ಸಾಲು ಇಟ್ಟ. ಇವರು ಮುಂದಿನ ಸಾಲಿನ ದಢೂತಿಗಳು, ಒಬ್ಬರನ್ನೊಬ್ಬರು ನೂಕುವುದೇ ಇವರ ಕೆಲಸ. ನಮ್ಮ ಸಾಲಿನ ಬೆನ್ನ ಹಿಂದೆ ಒಂದು ಬಟಾಟೆ. ಅದು ತಾನು, ಲೈನ್‌ಬ್ಯಾಕರ್. ಆ ಕಡೆಯವರು ಚೆಂಡು ಹಿಡಿದು ಎಲ್ಲಿಂದ ನುಗ್ಗುತ್ತಾರೆಂದು ಅವರ ಕಣ್ಣು, ಕಾಲು ನೋಡಿ ತಿಳಿದುಕೊಳ್ಳಬೇಕು. ನಮ್ಮವರಿಗೆ ಕೂಗಿ ಹೇಳಬೇಕು. ತಾನೇ ಹೋಗಿ ಆ ದಾರಿಗೆ ಅಡ್ಡಬಿದ್ದು ಅವನನ್ನು ಕೆಡವಬೇಕು.

“ಅಂದರ, ಬರಾಂವನ ಹಾದ್ಯಾಗ ಹೋಗಿ ನಿಂದರೂದು.”

“ಹೂಂ.”

“ಇಷ್ಟ ಮಾಡಾಕ ಕಾಲೇಜಿಗೆ ಹೋಗಬೇಕಾತೇನೊ?” ಎಂದಳು. ಬೈಯಬೇಕೆಂದೇ ಬಾಯಿ ತೆರೆದಿದ್ದಳು, ಆದರೆ ನಗು ಬಂದುಬಿಟ್ಟಿತು. ಯಾರೂ ಬಡಿದಿಲ್ಲ ಎನ್ನುವ ಒಂದೇ ಮಾತಿಗೆ ಅವಳ ಜೀವ ಹಗುರವಾಗಿತ್ತು. ಕೋಟು ಬಿಚ್ಚಿ ಮತ್ತೆ ಒಲೆ ಹಚ್ಚಿದಳು. ಆವತ್ತಿನಿಂದ ಭಾನುವಾರ ಎರಡು ರೊಟ್ಟಿ ಹೆಚ್ಚು ಬಡಿದಳು.

ಒಮ್ಮೆ ಮಾತ್ರ ಆಟ ನೋಡಲು ಹೋದಳು. ನೋಡುವವರೆಂದರೆ ಆಟಗಾರರ ಗೆಳತಿಯರು ನಾಲ್ಕು ಜನ ಮತ್ತು ಯಾರದೋ ನಾಯಿ. ಕೆಸರೋ ಕೆಸರು. ಯಾವ ಹೆಲ್ಮೆಟ್ಟಿನೊಳಗೆ ಮಗನಿದ್ದಾನೆಂದು ಹುಡುಕುತ್ತಿದ್ದಾಗ, ಕೆಂಪುಕೂದಲಿನ ಇಂಗ್ಲಿಷ್ ಹುಡುಗನೊಬ್ಬ ಅವಳ ಮುಂದೆಯೇ “ಎಡಕ್ಕ! ಎಡಕ್ಕ! ಬಿಡಬ್ಯಾಡ!” ಎಂದು ಗಂಟಲು ಹರಿಯುವಂತೆ ಕೂಗಿಕೊಂಡು ಓಡಿದ. ಗುರುದೇವಿಗೆ ಬಿಜಾಪುರದ ಸಂತೆಯಲ್ಲಿ ನಿಂತಂತಾಯಿತು. ತಮ್ಮ ಸಂಕೇತಗಳನ್ನೆಲ್ಲ ಎದುರಾಳಿಗಳು ಊಹಿಸಿಬಿಡುತ್ತಾರೆಂದು ಸಂಗಮೇಶ ಇಡೀ ತಂಡಕ್ಕೆ ಅವ್ವನ ಅಡುಗೆಮನೆಯ ಮಾತು ಕಲಿಸಿಬಿಟ್ಟಿದ್ದ. ಎದುರಾಳಿಗಳಿಗೆ ತಲೆಬುಡ ತಿಳಿಯಲಿಲ್ಲ. ಆದರೂ ಆ ದಿನ ಇವರೇ ಸೋತರು.

ಕಾಲೇಜು ಮುಗಿದ ಮೇಲೆ ಪಶ್ಚಿಮ ಲಂಡನ್ನಿನ ಒಂದು ಕ್ಲಬ್ಬಿಗೆ ಕೆಲ ವರ್ಷ ಆಡಿದ. ಒಂದು ಮೊಣಕಾಲು ಕೈಕೊಟ್ಟಿತು. ಹೀಥ್ರೋದ ಸರಕಿನ ಶೆಡ್ಡಿನಲ್ಲಿ ಕೆಲಸ ಹಿಡಿದ, ಭಾನುವಾರ ಹಳೆಯ ಕಾಲೇಜಿನ ಹೊಸ ಹುಡುಗರಿಗೆ ಅಡ್ಡ ನಿಲ್ಲುವುದನ್ನು ಕಲಿಸಿದ. ಪೇಪರಿನಲ್ಲಿ ಒಂದು ಸಲವೂ ಅವನ ಹೆಸರು ಬರಲಿಲ್ಲ. ಅದಕ್ಕೆ ಅವನು ಬೇಸರಪಟ್ಟದ್ದನ್ನು ಯಾರೂ ನೋಡಲಿಲ್ಲ.

*

ಸ್ಮಶಾನದಲ್ಲಿ ಮಾತು ಮಾತಿಗೂ ತಲೆಯ ಮೇಲೆ ವಿಮಾನ ಇಳಿಯುತ್ತಿತ್ತು. ಹಿಂದಿನ ರಾತ್ರಿ ಮಳೆಯಾಗಿ ಹುಲ್ಲು ಜಾರುತ್ತಿತ್ತು. ತೋಡಿದ ಗುಂಡಿಯ ಪಕ್ಕ ಹಳದಿ ಮಿಶ್ರಿತ ಜಿಗುಟು ಮಣ್ಣಿನ ರಾಶಿ. ಅದರ ಪಕ್ಕದಲ್ಲಿ ನಿಂತಿದ್ದ ಸ್ಮಶಾನದ ಮೇಸ್ತ್ರಿ ವ್ಯಾನಿನಿಂದ ಇಳಿದ ಪೆಟ್ಟಿಗೆಯನ್ನು ನೋಡಿದ, ಗುಂಡಿಯನ್ನು ನೋಡಿದ, ಮತ್ತೆ ಪೆಟ್ಟಿಗೆಯನ್ನು ನೋಡಿದ.

“ಇದು ಹಿಡಿಯುವುದಿಲ್ಲ,” ಎಂದ. “ಇಳಿಸಿದರೆ ಮೇಲೆ ಒಂದು ಗೇಣು ಮಣ್ಣೂ ಬೀಳುವುದಿಲ್ಲ. ಇದಕ್ಕೆ ಇಬ್ಬರ ಆಳ ಬೇಕಿತ್ತು.”

ಈ ದೇಶದಲ್ಲಿ ಒಂದೇ ಗುಂಡಿಯಲ್ಲಿ ಗಂಡ ಹೆಂಡತಿ ಒಬ್ಬರ ಮೇಲೊಬ್ಬರಂತೆ ಮಲಗುವುದುಂಟು. ಅದಕ್ಕೆಂದೇ ತೋಡುವಾಗ ಒಬ್ಬರಿಗೋ ಇಬ್ಬರಿಗೋ ಎಂದು ಮೊದಲೇ ಕೇಳಿಕೊಳ್ಳುತ್ತಾರೆ. ಕೂತವನ ಎತ್ತರಕ್ಕೆ ಇಬ್ಬರ ಆಳವೇ ಸರಿ ಎಂದು ಭುವನೇಶ್ವರಿ ಮೊದಲೇ ವಿಚಾರಿಸಿ ತಿಳಿದುಕೊಂಡಿದ್ದಳು. ಫೋನು ಮಾಡುವ ಕೆಲಸವನ್ನು ಮಾತ್ರ ಆನಂದತೀರ್ಥರು ಕೇಳಿ ತೆಗೆದುಕೊಂಡಿದ್ದರು.

“ಅಂಕಲ್, ಟೂ ಅಂತ ಹೇಳ್ರಿ ಅಂದಿದ್ನಲ್ಲಾ ನಿಮಗ! ಡಬಲ್ ಡೆಪ್ತ್ ಅಂತ ಬರದೂ ಕೊಟ್ಟಿದ್ದೆ.”

ಡಾಕ್ಟರು ಟೋಪಿ ತೆಗೆದು ಕೈಯಲ್ಲಿ ಹಿಂಡಿದರು. ಮೈಸೂರಿನವರು, ಇಲ್ಲಿಯ ಆಸ್ಪತ್ರೆಯಲ್ಲಿ ದುಡಿದು ನಿವೃತ್ತರಾದವರು. ಕನ್ನಡದವರ ಯಾವ ಮನೆಯಲ್ಲಿ ಮದುವೆಯಾಗಲಿ, ಸಾವಾಗಲಿ, ಮೊದಲು ಬಂದು ನಿಲ್ಲುವವರು ಅವರೇ.

“ಹೇಳೋಕೇ ಹೋದೆ ಕಣಮ್ಮಾ. ಆ ಹುಡುಗಿ ಫೋನಲ್ಲಿ, ಈ ಗುಂಡಿಗೆ ಎಷ್ಟು ಜನ, ಒಬ್ರಾ ಇಬ್ರಾ ಅಂದ್ಲು. ಹೆತ್ತ ತಾಯಿ ಗಟ್ಟಿಮುಟ್ಟಾಗಿ ಎದುರಿಗೆ ಓಡಾಡ್ತಿರೋವಾಗ, ಇಬ್ರು ಅಂತ ಹೇಗೆ ಅನ್ಲಿ? ನಾಲಿಗೆ ಏಳಲಿಲ್ಲ. ಒಬ್ರೇ ಅಂದ್ಬಿಟ್ಟೆ. ಎಲ್ಲಿ ತಪ್ಪಾಗಿ ಕೇಳಿಸ್ಕೊಂಡಾಳೋ ಅಂತ ಇನ್ನೊಂದ್ಸಲ ಬೇರೆ ಅಂದೆ, ಒಬ್ರೇ ಅಂತ.”

ಭುವನೇಶ್ವರಿಯ ಸಿಟ್ಟು ಇಳಿದುಹೋಯಿತು. ಆ ಫೋನು ತನ್ನ ಕೈಯಲ್ಲಿದ್ದರೂ ತಾನೂ ತೊದಲುತ್ತಿದ್ದೆ ಎಂದು ಅವಳಿಗೆ ಗೊತ್ತಿತ್ತು. ಡೆಸ್ಮಂಡನಿಗೆ ಮಾತ್ರ ಏನೂ ಅರ್ಥವಾಗಲಿಲ್ಲ. ಭುವನೇಶ್ವರಿ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದ ಮೇಲೂ, “ಅಂದರೆ ಅವರು ನಿಮ್ಮಮ್ಮನನ್ನು ಉಳಿಸುವುದಕ್ಕೆ ಗುಂಡಿ ಗಿಡ್ಡ ಮಾಡಿಸಿದರೇ?” ಎಂದು ಕೇಳಿದ. ಹೌದೆಂದೇ ಹೇಳಬೇಕಾಯಿತು.

ಮೇಸ್ತ್ರಿ ಒರಟನಲ್ಲ. ದಾರಿ ಎರಡೇ ಎಂದ. ಪೆಟ್ಟಿಗೆಯನ್ನು ಮಗ್ಗುಲಿಗೆ ಮಲಗಿಸಿದರೆ ಈಗಲೇ ಇಳಿಯುತ್ತದೆ. ಇಲ್ಲವೆಂದರೆ ಇನ್ನೂ ತೋಡಬೇಕು. ಯಂತ್ರ ಇಲ್ಲೇ ಇದೆ, ಚಾಲಕ ಚಹಾಕ್ಕೆ ಹೋಗಿದ್ದಾನೆ. ಆದರೆ ಒಬ್ಬರ ಗುಂಡಿಯನ್ನು ಇಬ್ಬರದು ಮಾಡಬೇಕಾದರೆ ಜಾಗದ ಒಡೆಯರೇ ಬಾಯಿಬಿಟ್ಟು ಹೇಳಬೇಕು, ಬೇರೆಯವರು ಹೇಳಿದರೆ ಆಗುವುದಿಲ್ಲ.

ಜಾಗ ಗುರುದೇವಿಯ ಹೆಸರಿನಲ್ಲಿತ್ತು.

*

ಪರಪ್ಪ ತೀರಿಕೊಂಡದ್ದು ತೊಂಬತ್ತೆಂಟರಲ್ಲಿ. ಆಗ ಮನೆಯವರಿಗೆ ಇಲ್ಲಿಯ ಪದ್ಧತಿ ಏನೂ ತಿಳಿದಿರಲಿಲ್ಲ. “ಈ ದೇಶದಲ್ಲಿ ಸ್ವಲ್ಪ ಅಡ್ಜಸ್ಟ್ ಮಾಡ್ಕೋಬೇಕಮ್ಮ,” ಎಂದಿದ್ದರು ಇದೇ ಆನಂದತೀರ್ಥರು, ಒಳ್ಳೆಯ ಮನಸ್ಸಿನಿಂದಲೇ. ಹಿಂದೂ ಎಂದರೆ ಸುಡುವುದು ಎಂದು ಕಚೇರಿಯವರೂ ಬರೆದುಕೊಂಡರು. ಉದ್ದನೆಯ ಪೆಟ್ಟಿಗೆಯಲ್ಲಿ ಅಂಗಾತ ಮಲಗಿಸಿದ ಗಂಡನನ್ನು ಚಿತಾಗಾರದ ಪರದೆಯೊಂದು ಸರಿದು ಒಳಗೆಳೆದುಕೊಂಡಿತು. ಗುರುದೇವಿ ನೋಡುತ್ತಾ ಕೂತಳು. ಅಲ್ಲಿ ಅಳುವುದಕ್ಕೂ ಹೊತ್ತಿರಲಿಲ್ಲ, ಮುಂದಿನ ಸರದಿಯವರು ಬಾಗಿಲಲ್ಲಿ ಕಾಯುತ್ತಿದ್ದರು.

ಹೊರಗೆ ಕಾರು ನಿಲ್ಲಿಸುವ ಜಾಗದಲ್ಲಿ ಅವಳು ಸಂಗಮೇಶನನ್ನು ತೋಳು ಹಿಡಿದು ನಿಲ್ಲಿಸಿದಳು. ಅವನ ಎದೆಗೆ ಮುಖವಿಟ್ಟು, “ನನ್ನ ಹಿಂಗ ಮಾಡಬ್ಯಾಡಪ್ಪಾ,” ಎಂದಳು. “ಉರೀಗೆ ಕೊಡಬ್ಯಾಡ. ಮಲಗಸಬ್ಯಾಡ. ಮಣ್ಣಾಗ ಕುಂದ್ರಸು.”

“ನಾ ಇದ್ದೀನಲ್ಲವ್ವಾ. ಯಾರ ಬರ್ತಾರ ಬರ್ಲಿ, ಅಡ್ಡ ನಿಂದರ್ತೀನಿ,” ಎಂದಿದ್ದ.

ಅವಳು ನಂಬಿದ್ದಳು. ಆ ಒಂದು ಮಾತಿನ ಮೇಲೆ ಎಂಟು ವರ್ಷ ನೆಮ್ಮದಿಯಾಗಿ ನಿದ್ದೆ ಮಾಡಿದ್ದಳು. ಅಡ್ಡ ನಿಲ್ಲುವವನೇ ಮೊದಲು ಹೋಗುತ್ತಾನೆಂದು ಯಾವ ತಾಯಿ ಎಣಿಸಿಟ್ಟುಕೊಂಡಿರುತ್ತಾಳೆ?

*

“ಯವ್ವಾ, ನೀ ಅನಬ್ಯಾಡ,” ಎಂದಳು ಭುವನೇಶ್ವರಿ, ತಾಯಿಯ ತೋಳು ಹಿಡಿದು. “ನನ್ನ ಹೆಸರಿಗೆ ಮಾಡ್ಕೊಳ್ರಿ ಅಂತ ನಾ ಹೇಳ್ತೀನಿ.”

“ನಿನ್ನ ಹೆಸರಿಗಾ? ಹುಚ್ಚಿ, ನಿನಗ ಗಂಡಾ ಮಕ್ಕಳು ಇದ್ದಾರ. ಬಾಯಿ ಮುಚ್ಚು.”

“ಗುರುದೇವಮ್ಮ, ಬೇಡ,” ಎಂದರು ಆನಂದತೀರ್ಥರು. “ಇಂಥ ಮಾತು ನಿಮ್ಮ ಬಾಯಲ್ಲಿ ಬರಬಾರದು.”

“ಬರಬೇಕಾದ್ದು ನನ್ನ ಬಾಯಾಗನ ಡಾಕ್ಟರ. ನಿಮ್ಮ ಬಾಯಾಗ ಬರಲಿಲ್ಲ ಅಂತನ ಇಷ್ಟೆಲ್ಲಾ ಆತು.”

ಅವಳು ತೋಳು ಬಿಡಿಸಿಕೊಂಡು ಮೇಸ್ತ್ರಿಯ ಮುಂದೆ ಹೋಗಿ ನಿಂತಳು. ಪಾರ್ಕ್ ರಾಯಲ್‌ನ ಸ್ಯಾಂಡ್‌ವಿಚ್ ಫ್ಯಾಕ್ಟರಿಯಲ್ಲಿ ಕಲಿತ ಇಂಗ್ಲಿಷು ಅವಳದು. ಅಲ್ಲಿ ಗದ್ದಲದ ನಡುವೆ ಬೆರಳಿನಲ್ಲೇ ಅರ್ಧ ಮಾತು ಮುಗಿಯುತ್ತಿತ್ತು. ಎರಡು ಬೆರಳು ಎತ್ತಿದಳು.

“ಟೂ,” ಎಂದಳು. ಪೆಟ್ಟಿಗೆಯ ಕಡೆ ಕೈ ಮಾಡಿದಳು, “ಹಿಮ್.” ತನ್ನ ಎದೆ ಮುಟ್ಟಿಕೊಂಡಳು. “ಮೀ.”

ಏನೂ ಆಗಲಿಲ್ಲ. ಒಂದು ವಿಮಾನ ಚಕ್ರ ಬಿಚ್ಚಿಕೊಂಡು ಇಳಿಯಿತು. ಅವಳಿಗೆ ಆಶ್ಚರ್ಯವಾಯಿತು, ಇಷ್ಟೆಯೇ, ಇದನ್ನು ಅನ್ನುವುದಕ್ಕೆ ಇಷ್ಟು ಜನ ಇಷ್ಟೊಂದು ಹೆದರಿದ್ದೆವೇ ಎಂದು. ಹೇಳಿದ ಮೇಲೆ ಎದೆ ತೊಳೆದಿಟ್ಟಷ್ಟು ಹಗುರವಾಗಿತ್ತು.

ಮೇಸ್ತ್ರಿಗೆ ಮಾತ್ರ ಹೊಸ ಅನುಮಾನ ಬಂತು. ಇಬ್ಬರ ಆಳವನ್ನೆಲ್ಲ ಈ ಪೆಟ್ಟಿಗೆಯೇ ತಿಂದುಬಿಡುತ್ತದೆ, ಆಮೇಲೆ ಅಮ್ಮನಿಗೆ ಜಾಗವೆಲ್ಲಿ ಎಂದು ಕೇಳಿದ.

“ಅಲ್ಲ, ಇಂವಗ ಕಣ್ಣ ಕಾಣೂದಿಲ್ಲೇನು?” ಗುರುದೇವಿ ಗುಂಡಿಯ ಉದ್ದಕ್ಕೂ ನಡೆದು ತುದಿಯಲ್ಲಿ ನಿಂತಳು. “ಪೆಟಗಿ ಆ ಕಡಿ ಇಟ್ಟರ ಈ ಕಡಿ ಅರ್ಧಾ ಖಾಲಿ ಉಳೀತದ. ಮಲಗಾಕ ಅಷ್ಟುದ್ದ ಬೇಕು, ಕುಂದ್ರಾಕ ಯಾಕ? ನಾ ಇಲ್ಲಿ ಅವನ ಎದರಿಗೆ ಕುಂದರ್ತೀನಿ. ಮಾತಾಡಾಕೂ ಆತು. ಹೇಳ ಅವಗ ಇಂಗ್ಲಿಷಿನ್ಯಾಗ.”

ಭುವನೇಶ್ವರಿ ಅಳುತ್ತಾ ನಗುತ್ತಾ ಹೇಳಿದಳು. ಮೇಸ್ತ್ರಿ ಕೇಳಿಸಿಕೊಂಡು, ಗುಂಡಿಯ ಎರಡು ಕೊನೆಗಳನ್ನೂ ಕಣ್ಣಲ್ಲೇ ಅಳೆದು, ಟೋಪಿಯ ಕೆಳಗೆ ತಲೆ ಕೆರೆದುಕೊಂಡ. ನಂತರ ಹೋಗಿ ಯಂತ್ರದವನನ್ನು ಚಹಾದಿಂದ ಎಬ್ಬಿಸಿಕೊಂಡು ಬಂದ.

ತೋಡಿ ಮುಗಿಯುವವರೆಗೂ ಯಾರೂ ಕದಲಲಿಲ್ಲ. ಆರು ಜನ ಪೆಟ್ಟಿಗೆಯ ಕೆಳಗೆ ಹಾಯಿಸಿದ ಪಟ್ಟಿಗಳನ್ನು ಕೈಗೆ ಸುತ್ತಿಕೊಂಡು ಪೆಟ್ಟಿಗೆಯನ್ನು ಎತ್ತಿದರು. ಅಂಚು ಜಾರುತ್ತಿತ್ತು. ಎತ್ತರದ ಪೆಟ್ಟಿಗೆ, ಒಂದು ಕೈ ಸಡಿಲಾದರೂ ವಾಲಿಬಿಡುತ್ತದೆ. ಅರ್ಧ ಇಳಿಯುವಾಗ ವಾಲಿತು ಕೂಡ. ಭುವನೇಶ್ವರಿ ಕಿರುಚಿದಳು.

“ತಡಿ!” ಡೆಸ್ಮಂಡ್ ಗುಡುಗಿದ. “ಎಡಕ್ಕ! ಎಡಕ್ಕ! ಬಿಡಬ್ಯಾಡ!”

ಆರೂ ಜನ ಯೋಚನೆ ಮಾಡದೆ ಎಡಕ್ಕೆ ಸರಿದರು. ಪಟ್ಟಿಗಳು ಬಿಗಿದವು, ಪೆಟ್ಟಿಗೆ ನೆಟ್ಟಗಾಯಿತು. ಆಮೇಲೆ ಸ್ವಲ್ಪ ಸ್ವಲ್ಪವೇ ಇಳಿದು ತಳ ಮುಟ್ಟಿತು. ಗುರುದೇವಿ ಬಗ್ಗಿ ನೋಡಿದಳು. ನೆಟ್ಟಗೆ ಕೂತಿತ್ತು.

“ಕುಂತ,” ಎಂದಳು ಯಾರಿಗೂ ಅಲ್ಲದೆ. “ಕುಂತ ನನ ಮಗಾ.”

ಶಿವಪ್ರಕಾಶ ಜಂಗಮರ ಮನೆಯ ಹುಡುಗ, ಕಂಪ್ಯೂಟರ್ ಕೆಲಸದವನು. ಊರಿನಲ್ಲಿರುವ ಅಜ್ಜನನ್ನು ಫೋನಿನಲ್ಲಿ ಕೇಳಿ ಬಾಯಿಪಾಠ ಮಾಡಿಕೊಂಡ ಮಂತ್ರವನ್ನು ತಪ್ಪಿಲ್ಲದೆ ಹೇಳಿ ಮುಗಿಸಿ, ತಾನೂ ಉಸಿರುಬಿಟ್ಟ. ಬಿಲ್ವಪತ್ರೆ, ವಿಭೂತಿ ಬಿದ್ದವು. ಗುರುದೇವಿ ಒಂದು ಹಿಡಿ ಮಣ್ಣು ಹಾಕಿದಳು, ಉಳಿದವರೂ ಹಾಕಿದರು. ಎಲ್ಲರಿಗಿಂತ ಕೊನೆಗೆ ಆನಂದತೀರ್ಥರು ಹಾಕಿ, ಬಹಳ ಹೊತ್ತು ಕೈಮುಗಿದು ನಿಂತರು. ಗುರುದೇವಿ ಅವರ ಮೊಣಕೈ ಹಿಡಿದು ಈಚೆಗೆ ಕರೆತಂದಳು. ಅವರ ಮೇಲೆ ಅವಳಿಗೆ ಎಳ್ಳಷ್ಟೂ ಸಿಟ್ಟಿರಲಿಲ್ಲ.

ಹೊರಡೋಣವೆಂದು ತಿರುಗಿದರೆ ಆ ಆರು ಜನ ಬರಲಿಲ್ಲ. ಗುಂಡಿಯ ಸುತ್ತ, ಒದ್ದೆ ಮಣ್ಣಿನಲ್ಲಿಯೇ, ಒಂದೊಂದು ಮೊಣಕಾಲು ಊರಿ, ತಲೆ ತಗ್ಗಿಸಿ ಕೂತುಬಿಟ್ಟಿದ್ದರು.

“ಪಾಪ, ದಣದಾರ,” ಎಂದಳು ಗುರುದೇವಿ. “ಚಾದ ಫ್ಲಾಸ್ಕ ತಾ ಭುವನಾ.”

“ದಣದಿಲ್ಲವ್ವಾ. ಅದು ಅವರ ಆಟದ ಪದ್ಧತಿ. ಆಟದಾಗ ಒಬ್ಬ ಪೆಟ್ಟು ಹತ್ತಿ ಬಿದ್ದರ, ಎರಡೂ ಕಡಿಯವರು ಹಿಂಗ ಮೊಣಕಾಲೂರಿ ಕುಂದರ್ತಾರ.”

“ಎಷ್ಟೊತ್ತು?”

ಭುವನೇಶ್ವರಿ ಡೆಸ್ಮಂಡನನ್ನು ಕೇಳಿದಳು. ಅವನು ತಲೆಯೆತ್ತದೆಯೇ ಉತ್ತರಿಸಿದ. ಆ ದೊಡ್ಡ ಬೆನ್ನು ಅದುರುತ್ತಿತ್ತು.

“ಬಿದ್ದಾಂವ ಏಳೂತನಾ ಅಂತವ್ವಾ.”

ಗುರುದೇವಿ ಜಾರುವ ಮಣ್ಣಿನಲ್ಲಿ ಹುಷಾರಾಗಿ ಹೆಜ್ಜೆಯಿಟ್ಟು ಡೆಸ್ಮಂಡನ ಹತ್ತಿರ ಹೋದಳು. ಮೊಣಕಾಲೂರಿ ಕೂತರೂ ಅವನ ತಲೆ ಅವಳ ಭುಜಕ್ಕೆ ಬರುತ್ತಿತ್ತು. ಆ ತಲೆಯ ಮೇಲೆ ಕೈಯಿಟ್ಟಳು.

“ಅಂವಾ ಬಿದ್ದಿಲ್ಲಪ್ಪಾ,” ಎಂದಳು. “ಕುಂತಾನ. ನೀವು ಏಳ್ರಿ.”

ಯಾರೂ ಇಂಗ್ಲಿಷಿಗೆ ತಿರುಗಿಸಿ ಹೇಳಲಿಲ್ಲ. ಡೆಸ್ಮಂಡ್ ಅವಳ ಕೈ ಹಿಡಿದುಕೊಂಡು ಎದ್ದ, ಅವನ ಹಿಂದೆ ಒಬ್ಬೊಬ್ಬರಾಗಿ ಉಳಿದವರೂ ಎದ್ದರು. ಆರು ಕರಿ ಪ್ಯಾಂಟುಗಳ ಒಂದೊಂದು ಮೊಣಕಾಲಿಗೂ ಹಳದಿ ಮಣ್ಣು ದಪ್ಪಗೆ ಮೆತ್ತಿತ್ತು. ಗುರುದೇವಿ ಬಗ್ಗಿ, ಸೆರಗಿನ ತುದಿಯಿಂದ ಮೊದಲನೆಯವನ ಮೊಣಕಾಲು ಒರೆಸತೊಡಗಿದಳು. ಉಳಿದ ಐವರು ಸದ್ದಿಲ್ಲದೆ ಸಾಲಾಗಿ ನಿಂತುಕೊಂಡರು.